ದಿನದ ಏರಿಳಿತ ಕಳೆದ ಮೇಲೆ ಮಾಡೆಲ್‌ನಲ್ಲಿ ಉಳಿದದ್ದೇನು? – ನನ್ನ ಅನುಭವ

ಡಬ್ಲ್ಯೂಆರ್‌ಎಫ್ ಎಂಬ ಹವಾಮಾನ ಮಾಡೆಲ್‌ನಲ್ಲಿ ಬೆಂಗಳೂರಿನ ಬೇಸಿಗೆ ಓಡಿಸಿ, ಒಂದೇ ಒಂದು ಸ್ಟೇಷನ್‌ನ ಡೇಟಾ ಪಕ್ಕಕ್ಕಿಟ್ಟು, "ಕೋರಿಲೇಷನ್ (ಎರಡರ ಏರಿಳಿತ ಎಷ್ಟು ಹೊಂದುತ್ತದೆ ಎಂಬ ಅಂಕಿ, ಪೂರ್ತಿ ಹೊಂದಿದರೆ 1) 0.93, ಮಾಡೆಲ್ ನಂಬಬಹುದು" ಎಂದು ವರದಿ ಕೊಡುವುದು ನಮ್ಮ ಕಸುಬಿನ ಹಳೇ ಚಾಳಿ. ಹಗಲು ಬಿಸಿ, ರಾತ್ರಿ ತಂಪು ಎಂದಷ್ಟೇ ತಿಳಿದಿರುವ ಮಾಡೆಲ್‌ಗೂ 0.9 ಬಂದೇ ಬರುತ್ತದೆ. ಅದರಲ್ಲಿ ನಗರ ಎಲ್ಲಿದೆ? ಹೀಗೆ ಕೇಳಿದಾಗ ಒಂದು ಮೀಟಿಂಗ್‌ನಲ್ಲಿ "ಸುಮ್ಮನೆ ಕೆಲಸ ಹೆಚ್ಚಿಸ್ತೀರಿ" ಎಂದರು. ಎರಡು ಬೇಸಿಗೆ ಕಳೆದಿವೆ, ಈಗ ಅವರಲ್ಲೇ ಕೆಲವರು ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡೆಲ್ ಎದುರಿಗೆ ಒಬ್ಬ ದಡ್ಡನನ್ನು ನಿಲ್ಲಿಸಿದೆ: ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತೋ ಇವತ್ತೂ ಅಷ್ಟೇ. ಮಳೆ ಶುರುವಾಗುವ ಮುಂಚಿನ ಮಾರ್ಚ್‌ನಲ್ಲಿ ಇಲ್ಲಿನ ದಿನಗಳೆಲ್ಲ ಒಂದೇ ತೆರ. ದಡ್ಡನ ಆರ್‌ಎಂಎಸ್‌ಇ (ಸರಾಸರಿ ತಪ್ಪಿನ ಒಂದು ಅಳತೆ) 1.3 ಡಿಗ್ರಿ ಆಸುಪಾಸು, ಊರನ್ನು 1 ಕಿ.ಮೀ. ಚೌಕಗಳಾಗಿ ನೋಡುವ ನನ್ನ ಮಾಡೆಲ್‌ನದು 2ರ ಹತ್ತಿರ. ಕ್ಲೌಡ್ ಬಿಲ್ ಆಗಲೇ ನಲವತ್ತು ಸಾವಿರ ದಾಟಿತ್ತು, ನಿನ್ನೆಯ ಅಂಕಿಗೆ ಕಾಸು ಖರ್ಚಿಲ್ಲ!

ಉಪಾಯ ನನ್ನದೇ ಅಲ್ಲ. ಮೆಲ್ಬರ್ನ್‌ನ ಪ್ರೆಸ್ಟನ್ ಬಡಾವಣೆಯ ಫ್ಲಕ್ಸ್ ಟವರ್ (ನೆಲ ಮತ್ತು ಗಾಳಿಯ ನಡುವಿನ ಶಾಖ, ತೇವದ ಹರಿವು ಅಳೆಯುವ ಗೋಪುರ) ಡೇಟಾ ಹಿಡಿದು, ನಗರ ಮಾಡೆಲ್‌ಗಳನ್ನು ಹೋಲಿಸುವ ಪಿಲ್ಪ್ಸ್-ಅರ್ಬನ್ ಯೋಜನೆಯವರು ಮೂವತ್ತಕ್ಕೂ ಹೆಚ್ಚು ಮಾಡೆಲ್‌ಗಳನ್ನು ತೂಗಿದಾಗ ಯಾವುದೂ ಎಲ್ಲದರಲ್ಲೂ ಗೆಲ್ಲಲಿಲ್ಲ. ಭಾರೀ ಸಂಕೀರ್ಣವಾದವೂ ಸರಳವಾದವನ್ನು ಮೀರಿಸಲಿಲ್ಲ. ನೀರು ಆವಿಯಾಗುವಾಗ ಹೋಗುವ ಶಾಖದಲ್ಲಂತೂ (ಲೇಟೆಂಟ್ ಹೀಟ್) ಎಲ್ಲರೂ ಎಡವಿದರು. ಆಮೇಲೆ ಅಂಥದ್ದೇ ಇನ್ನೊಂದು ಯೋಜನೆ ಅರ್ಬನ್-ಪ್ಲಂಬರ್‌ನವರು ಅದೇ ಜಾಗದಲ್ಲಿ ಸಾದಾ ರಿಗ್ರೆಷನ್‌ಗಳನ್ನೂ (ಹಳೇ ಅಂಕಿಗಳಿಗೆ ಹೊಂದಿಸಿದ ಸರಳ ಸೂತ್ರಗಳು) ಪಂದ್ಯಕ್ಕೆ ಬಿಟ್ಟರು. ನಮ್ಮ ವರದಿಗಳಲ್ಲಿ ಇದನ್ನು ಯಾಕೆ ಮಾಡುವುದಿಲ್ಲವೋ.

ನಾನು ಹಿಡಿದ ದಾರಿ ಇಷ್ಟೇ: ತಾಪಮಾನವನ್ನೇ ನೋಡಬೇಡಿ, ವ್ಯತ್ಯಾಸ ನೋಡಿ. ಊರ ನಡುವಿನ ಚಿಕ್ಕಪೇಟೆಯ ತಾಪಮಾನದಿಂದ ಊರಾಚೆಯ ಹೆಸರಘಟ್ಟದ್ದನ್ನು ಕಳೆಯಿರಿ. ಮಾಡೆಲ್‌ಗೆ ಸುತ್ತಲಿನ ಹವೆ ಉಣಿಸುವ ಜಾಗತಿಕ ದತ್ತಾಂಶ ಇಆರ್‌ಎ5ನಿಂದ ಬರುವ ತಪ್ಪು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹುಪಾಲು ಹೊಡೆದುಹೋಗುತ್ತದೆ, ದಿನದ ಏರಿಳಿತವೂ ಹೋಗುತ್ತದೆ. ಉಳಿಯುವುದು ಕಾಂಕ್ರೀಟ್ ಮಾಡಿದ ಕೆಲಸ. ಅದನ್ನೂ ಗಾಳಿ ಮಂದವಾಗಿರುವ, ಮೋಡವಿಲ್ಲದ ರಾತ್ರಿಗಳಲ್ಲಿ ಮಾತ್ರ ಅಳೆಯಬೇಕು. ರಾತ್ರಿಗಳನ್ನು ಹೇಗೆ ಆರಿಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ, ಹೊಟ್ಟೆಪಾಡು.

ಮಾಡೆಲ್ ಜೊತೆಗೇ ಬರುವ ಡೀಫಾಲ್ಟ್ ಲ್ಯಾಂಡ್‌ಯೂಸ್ (ನೆಲದ ಬಳಕೆ) ನಕ್ಷೆಗೆ ಊರೆಲ್ಲ ಒಂದೇ ವರ್ಗ: ಚಿಕ್ಕಪೇಟೆಯೂ ಅದೇ, ಜಯನಗರವೂ ಅದೇ. ಮಾಡೆಲ್ ತೋರಿಸಿದ ರಾತ್ರಿ ವ್ಯತ್ಯಾಸ ಎರಡು ಕಡೆಯೂ 3 ಡಿಗ್ರಿ ಚಿಲ್ಲರೆ. ಸೆನ್ಸರ್ ಪ್ರಕಾರ ಚಿಕ್ಕಪೇಟೆ ನಾಲ್ಕರ ಹತ್ತಿರ, ಜಯನಗರ ಎರಡೂ ಇಲ್ಲ. ಕಟ್ಟಡಗಳ ಎತ್ತರ, ಒತ್ತಣೆ ನೋಡಿ ಊರನ್ನು ವಿಂಗಡಿಸುವ ಲೋಕಲ್ ಕ್ಲೈಮೇಟ್ ಝೋನ್ ನಕ್ಷೆ ಹಾಕಿದ ಮೇಲೆ ಎರಡು ಬಡಾವಣೆ ಬೇರೆಯಾದವು, ಆದರೆ ಮಾಡೆಲ್‌ನ ಟೇಬಲ್‌ನಲ್ಲಿರುವ ಛಾವಣಿ, ಗೋಡೆಯ ಅಂಕಿಗಳು ನಮ್ಮವಲ್ಲ. ಆರ್‌ಸಿಸಿ ಸ್ಲ್ಯಾಬ್, ಶೀಟ್ ಮನೆ, ಪಕ್ಕಪಕ್ಕ ಒತ್ತಿ ಕಟ್ಟಿದ 20x30 ಸೈಟುಗಳು – ಇವನ್ನು ಬೀದಿ ಸುತ್ತಿ ಅಂದಾಜಿಸಿ ಬದಲಿಸಿದಾಗಲೇ ದಡ್ಡನನ್ನು ಸೋಲಿಸಿದ್ದು. ಈ ಪಂದ್ಯದಲ್ಲಿ ದಡ್ಡ ಎಂದರೆ ನಿನ್ನೆ ರಾತ್ರಿಯ ವ್ಯತ್ಯಾಸ. ಗೆಲುವಿನ ಅಂತರ ದೊಡ್ಡದೇನಲ್ಲ, ಆದರೆ ಮುಂದಿನ ಬೇಸಿಗೆಯಲ್ಲೂ ನಿಂತಿತು.

ಇನ್ನೊಂದು ಮಾತು. ಮಾಡೆಲ್‌ನಲ್ಲಿ ನಗರದ ಚೌಕವೊಂದರ ಟಿ2 (ಎರಡು ಮೀಟರ್ ಎತ್ತರದ ತಾಪಮಾನ) ಎಂದರೆ ಕಟ್ಟಡ ಮತ್ತು ಹಸಿರಿನ ಪಾಲು ಬೆರೆಸಿದ ಅಂಕಿ. ಗಲ್ಲಿಯಲ್ಲಿ ನೇತುಹಾಕಿದ ಸೆನ್ಸರನ್ನು ಅದರೊಂದಿಗೆ ಹೋಲಿಸಿ ಮಾಡೆಲನ್ನು ಬೈಯುವುದು ಅನ್ಯಾಯ. ಕ್ಯಾನ್ಯನ್ (ಕಟ್ಟಡಗಳ ನಡುವಿನ ಗಲ್ಲಿ) ತಾಪಮಾನವನ್ನೇ ಔಟ್‌ಪುಟ್‌ಗೆ ತರಿಸಿಕೊಳ್ಳಿ.

ಸೆನ್ಸರ್ ಕಥೆ ದೊಡ್ಡದು. ಎಸ್‌ಎಚ್‌ಟಿ31 (ತಾಪ, ತೇವ ಅಳೆಯುವ ಚಿಪ್), ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್), ಬ್ಯಾಟರಿ, ಡಬ್ಬಿ ಸೇರಿ ಒಂದಕ್ಕೆ ಎರಡು ಸಾವಿರದ ಒಳಗೆ. ಹನ್ನೆರಡೋ ಹದಿಮೂರೋ ಕಟ್ಟಿದೆ. ಬರೀ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಮಧ್ಯಾಹ್ನ ನಾಲ್ಕೈದು ಡಿಗ್ರಿ ಜಾಸ್ತಿ ಓದುತ್ತದೆ. ಕೊನೆಗೆ ಹೂಕುಂಡದ ಅಡಿತಟ್ಟೆಗಳನ್ನು ಒಂದರ ಮೇಲೊಂದು ಪೋಣಿಸಿ, ಬಿಳಿ ಬಣ್ಣ ಬಳಿದು ಬಿಸಿಲು ತಡೆಯುವ ಶೀಲ್ಡ್ ಮಾಡಿದೆ. ಇರುವೆ ಗೂಡು ಕಟ್ಟಿ ಎರಡು ಸೆನ್ಸರ್ ಸತ್ತವು. ಒಂದನ್ನು ಕೇಬಲ್‌ನವರು ಕಿತ್ತುಕೊಂಡು ಹೋದರು. ಮುಖ್ಯವಾದದ್ದು: ಹಾಕುವ ಮುಂಚೆ, ತೆಗೆದ ಮೇಲೆ, ಎಲ್ಲವನ್ನೂ ಒಂದೇ ಕೋಣೆಯಲ್ಲಿ ಒಂದು ವಾರ ಒಟ್ಟಿಗೆ ಇಡಿ. ಒಂದಕ್ಕೊಂದು ಅರ್ಧ ಡಿಗ್ರಿ ಜಗಳವಾಡಿದರೆ ಎರಡು ಡಿಗ್ರಿ ವ್ಯತ್ಯಾಸವನ್ನು ಯಾರು ನಂಬುತ್ತಾರೆ?

2024ರ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತಲ್ಲ, 2016ರ 39.2ರ ನಂತರದ ಅತಿ ಹೆಚ್ಚು. ಕೆಲಸ ಕೊಟ್ಟವರು "ನಿಮ್ಮ ಮಾಡೆಲ್ ಅದನ್ನು ಹಿಡಿಯಿತಾ?" ಎಂದು ಅದನ್ನೇ ಪರೀಕ್ಷೆ ಮಾಡಿಕೊಂಡರು. ಹಿಡಿಯಿತು, ಅರ್ಧ ಡಿಗ್ರಿ ಆಚೀಚೆ. ಆದರೆ ಅದರ ಬಹುಪಾಲು ಶ್ರೇಯಸ್ಸು ಇಆರ್‌ಎ5ದು, ಮಾಡೆಲ್‌ನಲ್ಲಿ ನಾನು ತಿದ್ದಿದ ನಗರದ ಭಾಗದ್ದಲ್ಲ. ಹಾಗೆಂದು ಹೇಳಿದ್ದಕ್ಕೆ ಅವರಿಗೆ ನಿರಾಸೆಯಾಯಿತು, ಕೊನೆಯ ಕಂತಿನ ಹಣಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಯಿತು.

ನಡುವೆ ಮಲ್ಲೇಶ್ವರದ ಬೀದಿಗಳಲ್ಲಿ ಬಿಸಿಲು, ನೆರಳಿನ ಲೆಕ್ಕಕ್ಕೂ ಕೈಹಾಕಿದೆ. ಬೀದಿ ಮಟ್ಟದ ಹವೆ ಲೆಕ್ಕ ಹಾಕುವ ಎನ್ವಿ-ಮೆಟ್ ತಂತ್ರಾಂಶದ ಲೈಸೆನ್ಸ್ ದರ ನೋಡಿ, ಉಚಿತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನೊಳಗಿನ ಸೋಲ್‌ವೇಗ್ ಎಂಬ ಮಾಡೆಲ್‌ಗೆ ಇಳಿದೆ. ಟೇಬಲ್ ಟೆನಿಸ್ ಚೆಂಡಿಗೆ ಬೂದು ಬಣ್ಣ ಬಳಿದು, ಒಳಗೆ ಪ್ರೋಬ್ ತೂರಿಸಿದರೆ ಗ್ಲೋಬ್ ಥರ್ಮಾಮೀಟರ್ (ಸುತ್ತಲಿಂದ ಬೀಳುವ ವಿಕಿರಣದ ಬಿಸಿಯನ್ನೂ ಹಿಡಿಯುವ ಮಾಪಕ). ಕಟ್ಟಡದ ನೆರಳಿನಲ್ಲಿ ಲೆಕ್ಕ ಚೆನ್ನಾಗಿ ಕೂಡಿತು, ಮಳೆಮರದ ಕೆಳಗೆ ಕೂಡಲಿಲ್ಲ. ಎಲೆಯ ನಡುವೆ ಎಷ್ಟು ಬಿಸಿಲು ಸೋರುತ್ತದೆ ಎಂಬ ಒಂದೇ ಅಂಕಿ ಬದಲಿಸಿ ಅರ್ಧ ಸರಿಮಾಡಿದೆ, ಮಿಕ್ಕರ್ಧ ಹಾಗೇ ಇದೆ.

ಬೆಳ್ಳಂದೂರು ಕಡೆ ಆರ್ದ್ರತೆ ಇನ್ನೂ ತಾಳೆಯಾಗುತ್ತಿಲ್ಲ. ಮಾಡೆಲ್ ಮಧ್ಯಾಹ್ನಕ್ಕೆ ಶೇ. 8–10ರಷ್ಟು ಒಣಗಿಸಿಬಿಡುತ್ತದೆ. ಹಾಗಾಗಿ ರಾತ್ರಿ ಶಾಖದ ನಕ್ಷೆ ಕೇಳಿದರೆ ಕೊಡುತ್ತೇನೆ, ತಾಪ, ಆರ್ದ್ರತೆ ಎರಡೂ ಸೇರಿಸಿ ಮೈಗೆ ತಟ್ಟುವ ಬಿಸಿ ಹೇಳುವ ಹೀಟ್ ಇಂಡೆಕ್ಸ್ ನಕ್ಷೆಯನ್ನು ದುಡ್ಡು ಕೊಟ್ಟರೂ ಸದ್ಯಕ್ಕೆ ಕೊಡುವುದಿಲ್ಲ.