ಕಾಫಿ ಹೂವಿನ ಕಾಲದಲ್ಲಿ ಹಕ್ಕಿ ನೋಡುವುದು: ಚಿಕ್ಕಮಗಳೂರು–ಹಾಸನ ಸೀಮೆಗೊಂದು ಕೈಪಿಡಿ

ಹಕ್ಕಿ ನೋಡಲು ಹೊರಟವರೆಲ್ಲ ಮೊದಲು ಕೇಳುವುದು ಎಲ್ಲಿಗೆ ಹೋಗಬೇಕು ಅಂತ. ಫೆಬ್ರುವರಿಯಿಂದ ಮೇ ಮೊದಲ ವಾರದವರೆಗೆ ಈ ಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. ಈ ವಾರ ಯಾವ ಮರ ಹೂ ಬಿಟ್ಟಿದೆ, ಯಾವುದು ಹಣ್ಣಾಗಿದೆ, ಯಾವ ಕೆರೆಯ ನೀರು ಎಷ್ಟು ಇಳಿದಿದೆ ಎಂದು ಕೇಳಿ. ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ವಾಹನಗಳ ಸಾಲಿನ ಹಿಂದೆ ನಿಂತು ಬೆಳಗನ್ನು ಕಳೆಯುವುದಕ್ಕಿಂತ, ಊರಾಚೆಯ ಒಂದು ಬೂರುಗದ ಮರದ ಎದುರು ಎರಡು ಗಂಟೆ ನಿಂತರೆ ಹೆಚ್ಚು ಹಕ್ಕಿ ಕಾಣುತ್ತವೆ.

ಈ ಹದಿಮೂರು–ಹದಿನಾಲ್ಕು ವಾರಗಳಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಚಳಿಗಾಲಕ್ಕೆ ಬಂದ ನೆಂಟರು ಗಂಟುಮೂಟೆ ಕಟ್ಟುತ್ತಿರುತ್ತಾರೆ: ಬಾತುಗಳು, ಸೆಳೆವಗಳು (ಹ್ಯಾರಿಯರ್), ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಕುಂಡೆಕುಸ್ಕ, ಕಾಫಿ ತೋಟದ ಸಿಲ್ವರ್ ಓಕಿನಲ್ಲಿ ಇಡೀ ದಿನ ಚೀ ಎನ್ನುವ ಎಲೆ ಉಲಿಯಕ್ಕಿ. ಅದೇ ಹೊತ್ತಿಗೆ ಊರಿನ ಹಕ್ಕಿಗಳು ಕೂಗಲು, ಜೋಡಿಯಾಗಲು, ಗೂಡು ಕಟ್ಟಲು ಶುರು ಮಾಡುತ್ತವೆ. ನೆಂಟರನ್ನು ನೋಡಬೇಕಿದ್ದರೆ ಮಾರ್ಚ್ ಮುಗಿಯುವುದರೊಳಗೆ ಹೊರಡಿ. ಕೂಗು ಕೇಳಿ ಕಲಿಯಬೇಕಿದ್ದರೆ ಯುಗಾದಿಯ ನಂತರದ ದಿನಗಳೇ ಒಳ್ಳೆಯವು.

ಮರದ ಪಂಚಾಂಗ

ಬೂರುಗ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೂ ಬಿಡುತ್ತದೆ. ಆಗ ಮರದಲ್ಲಿ ಎಲೆ ಇರುವುದಿಲ್ಲವಾದ್ದರಿಂದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ದಪ್ಪ ದಳದ ಆ ಕೆಂಪು ಹೂವು ಬಟ್ಟಲಿನಂತಿದ್ದು, ಬೆಳಗಿನ ಜಾವಕ್ಕೆ ಅದರ ತಳದಲ್ಲಿ ಮಕರಂದ ತುಂಬಿರುತ್ತದೆ. ಗೊರವಂಕ, ಕಬ್ಬಕ್ಕಿ, ಭೀಮರಾಜ, ಎಲೆಹಕ್ಕಿ, ಗಿಳಿ, ಪಿಕಳಾರ, ನಡುವೆ ಅಳಿಲು, ಎಲ್ಲವೂ ಸರದಿ ತಪ್ಪಿಸಿ ನುಗ್ಗುತ್ತವೆ. ಒಂಬತ್ತೂವರೆ ದಾಟಿದರೆ ಗದ್ದಲ ಇಳಿದುಹೋಗುತ್ತದೆ. ಮುತ್ತುಗ ಫೆಬ್ರುವರಿ–ಮಾರ್ಚ್‌ನಲ್ಲಿ ತರೀಕೆರೆ, ಲಕ್ಕವಳ್ಳಿ ಕಡೆಯ ಎಲೆ ಉದುರುವ ಕಾಡಿನಲ್ಲಿ ಕೆಂಡದಂತೆ ಕಾಣುತ್ತದೆ. ತೋಟದೊಳಗೆ ನೆರಳಿಗೆ ಹಾಕಿದ ಹಾಲವಾಣ ಹೂ ಬಿಟ್ಟಿದ್ದರೆ ಸೂರಕ್ಕಿಗಳನ್ನು ಅಲ್ಲೇ ಹುಡುಕಿ. ಪಶ್ಚಿಮ ಘಟ್ಟದ ಸೀಮೆಯಲ್ಲಷ್ಟೇ ಇರುವ, ಬೆನ್ನು ಗಾಢ ಕೆಂಪಗಿರುವ ಪುಟಾಣಿ ಸೂರಕ್ಕಿ ಮನೆಯಂಗಳದ ದಾಸವಾಳಕ್ಕೂ ಬರುತ್ತದೆ.

ಮರದ ಎದುರು ನಿಲ್ಲುವುದಕ್ಕೂ ಒಂದು ಕ್ರಮವಿದೆ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಬೆಳಿಗ್ಗೆಯಾದರೆ ಮರದ ಪೂರ್ವಕ್ಕೆ ನಿಂತು ಪಶ್ಚಿಮಕ್ಕೆ ಮುಖ ಮಾಡಿ. ಎದುರು ಬಿಸಿಲಿಗೆ ನಿಂತರೆ ಹೊನ್ನಕ್ಕಿಯೂ ಕಾಗೆಯಂತೆ ಕಪ್ಪಗೆ ಕಾಣುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಅನುಕೂಲವುಂಟು, ಇಳಿಜಾರು. ತೋಟದ ಮೇಲಿನ ರಸ್ತೆಯಲ್ಲಿ ನಿಂತರೆ ಕೆಳಗಿನ ಮರದ ನೆತ್ತಿ ನೇರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕತ್ತು ನೋಯುವುದಿಲ್ಲ, ಹಕ್ಕಿಯ ಹೊಟ್ಟೆಯ ಬದಲು ಬೆನ್ನು ಕಾಣುತ್ತದೆ. ಮರದಿಂದ 25–30 ಮೀಟರ್ ದೂರ ಸಾಕು. ಬಂದ ತಕ್ಷಣ ಹಕ್ಕಿ ಹಾರಿಹೋದರೆ ಜಾಗ ಬದಲಿಸಬೇಡಿ. ಹತ್ತು ನಿಮಿಷ ಅಲುಗಾಡದಿದ್ದರೆ ವಾಪಸ್ ಬರುತ್ತವೆ. ಐದನೇ ನಿಮಿಷಕ್ಕೆ ಬೇಸತ್ತು ಮುಂದೆ ಹೋಗುವುದೇ ಹೆಚ್ಚಿನವರ ತಪ್ಪು.

ಹೂವಿನ ಮರದಲ್ಲಿ ಗುರುತು ತಪ್ಪಲು ಒಂದು ವಿಶೇಷ ಕಾರಣವೂ ಇದೆ. ಹೂವಿಗೆ ತಲೆ ತೂರಿಸಿದ ಹಕ್ಕಿಯ ಹಣೆಗೂ ಗಂಟಲಿಗೂ ಪರಾಗ ಮೆತ್ತಿಕೊಳ್ಳುತ್ತದೆ. ಪುಸ್ತಕದಲ್ಲಿಲ್ಲದ ಹಳದಿ ಹಣೆ ಕಂಡಾಗ ಅಪರೂಪದ ಜಾತಿ ಎಂದು ಹಿಗ್ಗುವ ಮೊದಲು, ಅದೇ ಹಕ್ಕಿ ಕೊಕ್ಕನ್ನು ಕೊಂಬೆಗೆ ಉಜ್ಜುತ್ತಿದೆಯೇ ನೋಡಿ. ಆಕಾರ, ಕೊಕ್ಕು, ಬಾಲ ನೋಡಿ ಹೆಸರಿಡಿ, ಮುಖದ ಬಣ್ಣವನ್ನು ಕೊನೆಗೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಣ್ಣಿನ ಮರಗಳ ಲೆಕ್ಕ ಬೇರೆ. ಅತ್ತಿ, ಬಸರಿ, ಗೋಣಿ, ಆಲ ಇವಕ್ಕೆ ತಿಂಗಳು ನಿಗದಿಯಿಲ್ಲ. ಪಕ್ಕಪಕ್ಕದ ಎರಡು ಮರಗಳೂ ಬೇರೆ ಬೇರೆ ವಾರ ಹಣ್ಣಾಗಬಹುದು. ತಲೆ ಎತ್ತುವ ಮೊದಲು ನೆಲ ನೋಡಿ: ಅರ್ಧ ಕಚ್ಚಿದ ಹಣ್ಣು ಬಿದ್ದಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ ಮರ ತಯಾರಾಗಿದೆ. ಹಸಿರು ಪಾರಿವಾಳಗಳು ಎಲೆಯೊಳಗೆ ಎಷ್ಟು ಚೆನ್ನಾಗಿ ಕರಗುತ್ತವೆ ಎಂದರೆ ಮೂವತ್ತು ಹಕ್ಕಿಯಿದ್ದರೂ ಒಂದೂ ಕಾಣುವುದಿಲ್ಲ. ಹಣ್ಣು ಟಪ್ಪೆಂದು ಬೀಳುವ ಸದ್ದು ಹಿಡಿದು ಆ ಕೊಂಬೆಯನ್ನಷ್ಟೇ ನೋಡಿ.

ಇನ್ನು ಕಾಫಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದು ಅಥವಾ ಸ್ಪ್ರಿಂಕ್ಲರ್ ಹೊಡೆದು ಎಂಟು–ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಜೇನು ಮುತ್ತುತ್ತದೆ, ಜೇನಿನ ಹಿಂದೆ ಕಳ್ಳಿಪೀರಗಳು ಬರುತ್ತವೆ. ಆ ಎರಡು ಮೂರು ದಿನ ಗಿಡಗಳ ಸಾಲಿನ ನಡುವೆ ಕಾಲಿಡಬೇಡಿ. ಮೈ ತಗುಲಿ ಹೂ ಉದುರಿದರೆ ಅದು ಪ್ಲಾಂಟರ ವರ್ಷದ ಫಸಲು. ತೋಟದ ರಸ್ತೆಯಲ್ಲೇ ನಿಂತು ನೋಡಿ. ಹೆಜ್ಜೇನಿನ ಗೂಡಿರುವ ಮರದ ಕೆಳಗಂತೂ ನಿಲ್ಲಲೇಬೇಡಿ.

ಬೈನಾಕ್ಯುಲರ್

8x42 ಕೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದು ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲವಿರುವಂಥದ್ದು. ಹತ್ತು ಪಟ್ಟು ದೊಡ್ಡದು ತೋರಿಸುವುದು ಕೆರೆಗೆ ಸರಿ, ತೋಟದ ನೆರಳಿಗಲ್ಲ. ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿ: 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., 10ರಿಂದ ಭಾಗಿಸಿದರೆ 4.2. ಈ ಅಂಕಿ ದೊಡ್ಡದಿದ್ದಷ್ಟೂ ಮಬ್ಬಿನಲ್ಲಿ ಹಕ್ಕಿ ಸ್ಪಷ್ಟ. ಹತ್ತರಲ್ಲಿ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಹೊಸ ಬೈನಾಕ್ಯುಲರಿನಲ್ಲಿ ತಲೆನೋವು ಬರುತ್ತದೆ ಎನ್ನುವವರು ಬಲಗಣ್ಣಿನ ಉಂಗುರವನ್ನು ಸರಿಮಾಡಿರುವುದಿಲ್ಲ. ಬಲ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡಿನ ಅಕ್ಷರವೊಂದನ್ನು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತೋ ಗುರುತು ಹಾಕಿಕೊಳ್ಳಿ. ಕನ್ನಡಕದವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಅರ್ಧ ದೃಶ್ಯವೇ ಸಿಗುವುದಿಲ್ಲ. ಹಕ್ಕಿ ಕಂಡಾಗ ಕಣ್ಣನ್ನು ಅದರಿಂದ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಕಿವಿಯ ಕೆಲಸ

ತೋಟದಲ್ಲಿ ಹತ್ತರಲ್ಲಿ ಏಳು ಹಕ್ಕಿ ಮೊದಲು ಕೇಳುತ್ತವೆ, ಆಮೇಲೆ ಕಾಣುತ್ತವೆ. ಆರಂಭಕ್ಕೆ ಐದೇ ಕೂಗು ಕಲಿತರೆ ಸಾಕು. ದಿನವಿಡೀ 'ಕುಟ್ರೂ ಕುಟ್ರೂ' ಎನ್ನುವುದು ಬಿಳಿಗೆನ್ನೆಯ ಕುಟ್ರು. ಒಂದೇ ಲಯದಲ್ಲಿ ತಾಮ್ರ ಬಡಿದಂತೆ 'ಟುಂಕ್ ಟುಂಕ್' ಎನ್ನುವುದು ಕಂಚುಗಾರ. ಮೂರು ಸ್ವರವನ್ನು ಏರುತ್ತ ಏರುತ್ತ ಗಂಟಲು ಹರಿಯುವ ಮಟ್ಟಕ್ಕೆ ಒಯ್ದು ತಟ್ಟನೆ ನಿಲ್ಲಿಸುವುದು ಕೋಗಿಲೆ ಚಾಣ. ಹಳ್ಳದ ಬದಿಯ ಮಬ್ಬಿನಲ್ಲಿ ಮನುಷ್ಯರೇ ಗೊತ್ತುಗುರಿಯಿಲ್ಲದೆ ಶಿಳ್ಳೆ ಹಾಕಿದಂತಿದ್ದರೆ ಅದು ಸಿಳ್ಳಾರ. ಏಪ್ರಿಲ್‌ನಲ್ಲಿ ನಸುಕಿಗೂ ಮುಸ್ಸಂಜೆಗೂ ಪೊದೆಯ ಬುಡದಿಂದ ಎರಡು ಸ್ವರದ ತೀಕ್ಷ್ಣ ಶಿಳ್ಳೆ ಬಂದರೆ ನವರಂಗ: ಉತ್ತರಕ್ಕೆ ಹೊರಟಿರುವ ಅದು ಕೆಲವೇ ದಿನ ತಂಗುತ್ತದೆ. ಮರದ ಮೇಲೆ ಹುಡುಕಬೇಡಿ, ತರಗೆಲೆ ಕೆದಕುತ್ತ ನೆಲದಲ್ಲಿರುತ್ತದೆ.

ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಭೀಮರಾಜ ಇರುವ ಕಡೆ ಅದನ್ನು ಪೂರ್ತಿ ನಂಬಬೇಡಿ. ಭೀಮರಾಜ ಹತ್ತು ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ, ಎಲೆಹಕ್ಕಿಯೂ ಕಡಿಮೆಯಲ್ಲ. ಆ್ಯಪ್ ಹೇಳಿದ್ದನ್ನು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳದೆ ಪಟ್ಟಿಗೆ ಸೇರಿಸಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಚಾಳಿ ಈ ತಿಂಗಳುಗಳಲ್ಲಿ ಬೇಡವೇ ಬೇಡ. ಗಂಡು ಹಕ್ಕಿ ಎದುರಾಳಿ ಬಂದನೆಂದು ಗೂಡು ಬಿಟ್ಟು ಅಲೆಯುತ್ತದೆ, ಮರಿಗೆ ಸಿಗಬೇಕಾದ ಹುಳು ತಪ್ಪುತ್ತದೆ.

ಘಟ್ಟದಿಂದ ಬಯಲಿಗೆ

ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು 40 ಕಿ.ಮೀ. ಅಷ್ಟರಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದೆ, ಹಕ್ಕಿಗಳೂ ಬದಲಾಗುತ್ತವೆ. ಬೂದು ಮಂಗಟ್ಟೆಯನ್ನೇ ನೋಡಿ. ಮೂಡಿಗೆರೆ, ಸಕಲೇಶಪುರದ ಕಡೆ ಇರುವ ಮಲಬಾರ್ ಬೂದು ಮಂಗಟ್ಟೆಗೆ ಕೊಕ್ಕಿನ ಮೇಲೆ ಕೊಂಬಿನಂಥ ಉಬ್ಬಿಲ್ಲ, ಕೂಗು ಗಹಗಹಿಸಿ ನಕ್ಕಂತೆ. ಒಣ ಸೀಮೆಯ ಬೂದು ಮಂಗಟ್ಟೆಗೆ ಚೂಪು ಉಬ್ಬಿದೆ. ಕುಟ್ರುವಿನಲ್ಲೂ ಹಾಗೆಯೇ: ಒಣ ಕಡೆಯದ್ದು ಗಾತ್ರದಲ್ಲಿ ದೊಡ್ಡದು, ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಬರಿ ಚರ್ಮ. ನೀವು ಯಾವ ಮಳೆಯ ಸೀಮೆಯಲ್ಲಿ ನಿಂತಿದ್ದೀರಿ ಎಂಬುದೇ ಅರ್ಧ ಗುರುತು.

ಅರಸೀಕೆರೆ, ಕಡೂರಿನ ಬಯಲಿಗೆ ಹೋಗುವವರು ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಸಿ. ಆಮೇಲೆ ಬಿಸಿಗಾಳಿ ಕುಣಿದು ಬೈನಾಕ್ಯುಲರಿನಲ್ಲಿ ಎಲ್ಲವೂ ನೀರಿನೊಳಗಿದ್ದಂತೆ ಕಾಣುತ್ತದೆ. ತಂತಿಯ ಮೇಲೆ ಕೂತ ನೀಲಕಂಠ ಮಾರ್ಚ್–ಏಪ್ರಿಲ್‌ನಲ್ಲಿ ಮೇಲಕ್ಕೇರಿ, ಉರುಳಾಡುತ್ತ, ಕರ್ಕಶವಾಗಿ ಕೂಗುತ್ತ ಕೆಳಗಿಳಿಯುವ ಆಟ ನೋಡಲು ಕಾದು ನಿಲ್ಲಿ. ನಮ್ಮ ರಾಜ್ಯಪಕ್ಷಿಯ ನಿಜವಾದ ಬಣ್ಣ ರೆಕ್ಕೆ ಬಿಚ್ಚಿದಾಗಲೇ ತಿಳಿಯುವುದು. ಉತ್ತ ಹೊಲದಲ್ಲಿ ಟಿಟ್ಟಿಭ, ನೆಲಗುಬ್ಬಿ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಬದುವಿನ ಮೇಲಷ್ಟೇ ನಡೆಯಿರಿ.

ಅಯ್ಯನಕೆರೆ, ಹಿರೇಕೊಳಲೆ, ಮದಗದ ಕೆರೆ, ಹಳೇಬೀಡಿನ ದ್ವಾರಸಮುದ್ರ ಕೆರೆಗಳಲ್ಲಿ ಬಾತು ಖಾಲಿಯಾದ ಮೇಲೂ ನೀರಿಳಿದು ಎದ್ದ ಕೆಸರಿನ ಅಂಚನ್ನು ತಾಳ್ಮೆಯಿಂದ ನೋಡಿದರೆ ಲಾಭವಿದೆ.

ಲಕ್ಕವಳ್ಳಿಯ ಭದ್ರಾ ಹಿನ್ನೀರು ಬೇರೆಯೇ ವಿಷಯ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ನೀರು ಇಳಿದಂತೆ ನಡುಗಡ್ಡೆಗಳು ಏಳುತ್ತವೆ, ಆ ಬರಿ ನೆಲದ ಮೇಲೆ ನದಿ ರೀವಗಳು (ರಿವರ್ ಟರ್ನ್) ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಹೊರಡುವ ಮೊದಲು ಪತ್ರಿಕೆಯಲ್ಲಿ ಬರುವ ಅಣೆಕಟ್ಟೆಯ ಮಟ್ಟ ನೋಡಿಕೊಳ್ಳಿ, ನೀರು ತುಂಬಿದ್ದರೆ ನಡುಗಡ್ಡೆಯೂ ಇಲ್ಲ, ಗೂಡೂ ಇಲ್ಲ. ದೋಣಿಯವರಿಗೆ ಇನ್ನೂ ಹತ್ತಿರ ಹೋಗಿ ಎಂದು ದುಂಬಾಲು ಬೀಳಬೇಡಿ. ಹಕ್ಕಿಗಳು ಒಟ್ಟಿಗೆ ಮೇಲೆದ್ದು ಕಿರುಚಿದರೆ ಕೆಳಗೆ ಮೊಟ್ಟೆಗಳು ಏಪ್ರಿಲ್ ಬಿಸಿಲಿಗೆ ಬೇಯುತ್ತಿರುತ್ತವೆ. ರೀವ ಮೊಟ್ಟೆಯ ಮೇಲೆ ಕೂರುವುದು ಅನೇಕ ಸಲ ಕಾವು ಕೊಡಲಲ್ಲ, ನೆರಳು ಕೊಡಲು.

ಗೂಡಿನಿಂದ ಎಷ್ಟು ದೂರ?

ಮೀಟರಿನ ಲೆಕ್ಕಕ್ಕಿಂತ ಹಕ್ಕಿಯ ನಡತೆಯೇ ಅಳತೆಗೋಲು. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು, ಸಣ್ಣ ಸೀಳಿನಿಂದ ಗಂಡು ತಂದುಕೊಡುವ ಹಣ್ಣು ತಿಂದು ದಿನ ತಳ್ಳುತ್ತದೆ. ಗಂಡು ಬಂದು ಪಕ್ಕದ ಮರದಲ್ಲಿ ಕೂತು, ಕತ್ತು ಅತ್ತಿತ್ತ ಹೊರಳಿಸುತ್ತ, ಪೊಟರೆಗೆ ಹೋಗದೆ ಐದು ನಿಮಿಷ ಕಳೆದರೆ ನೀವು ತೀರಾ ಹತ್ತಿರವಿದ್ದೀರಿ. ಸದ್ದಿಲ್ಲದೆ ಹಿಂದೆ ಸರಿಯಿರಿ. ಫೋಟೊಗಾಗಿ ಅಡ್ಡದ ಕೊಂಬೆ ಮುರಿದರೆ ಕಾಗೆಗೂ ಕೆಂಬೂತಕ್ಕೂ ದಾರಿ ಮಾಡಿಕೊಟ್ಟಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಡು, ಮೊಟ್ಟೆಗೆ ತೊಂದರೆ ಮಾಡುವುದು ಅಪರಾಧ. ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಆನೆ, ಉಣುಗು, ಅಪ್ಪಣೆ

ತೋಟ ಖಾಸಗಿ ಆಸ್ತಿ. ಹಿಂದಿನ ದಿನವೇ ಮಾಲೀಕರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಕೇಳಿ, ಜೊತೆಗೆ ಆನೆ ಎಲ್ಲಿದೆ ಎಂದೂ ವಿಚಾರಿಸಿ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಇದು ಔಪಚಾರಿಕ ಪ್ರಶ್ನೆಯಲ್ಲ. ಫೆಬ್ರುವರಿ ನಡುವಿನಲ್ಲಿ ಸೂರ್ಯ ಏಳುವುದು ಸುಮಾರು 6.45ಕ್ಕೆ, ಏಪ್ರಿಲ್ ನಡುವಿನಲ್ಲಿ 6.10ರ ಆಸುಪಾಸು. ಕಾಫಿ ಗಿಡದ ನಡುವೆ ಹತ್ತು ಮಾರು ಸ್ಪಷ್ಟ ಕಾಣುವಷ್ಟು ಬೆಳಕಾಗುವವರೆಗೆ ವಾಹನ ಬಿಟ್ಟಿಳಿಯಬೇಡಿ. ಮುತ್ತೋಡಿ, ಬಿಸಿಲೆಯಂಥ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲ್ನಡಿಗೆ ಕೂಡದು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಕೆಲವು ದಾರಿಗಳನ್ನು ಮುಚ್ಚುತ್ತಾರೆ, ಮೊದಲೇ ಕೇಳಿಕೊಳ್ಳಿ.

ಆನೆಗಿಂತ ಸಣ್ಣದಾದರೂ ಅಷ್ಟೇ ಅಪಾಯದ್ದು ಉಣುಗು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ನಿಮ್ಮ ಹಕ್ಕಿಯ ಕಾಲದಲ್ಲೇ. ನರಸಿಂಹರಾಜಪುರ, ಕೊಪ್ಪದ ಕಡೆ ಹೋಗುವವರು ಪ್ಯಾಂಟನ್ನು ಸಾಕ್ಸ್‌ನೊಳಗೆ ತುರುಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲ ಮಾತಿಗೇ ಹೇಳಿ.

ಬರೆದಿಡುವುದು

ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವುದಾದರೆ ಸಮಯ, ನಡೆದ ದೂರ, ಪ್ರತಿ ಜಾತಿಯ ಎಣಿಕೆ ಮೂರೂ ಇರಲಿ. ಗುರುತು ಸಿಕ್ಕ ಎಲ್ಲವನ್ನೂ, ಕಾಗೆ, ಗೊರವಂಕ ಸೇರಿಸಿ ಬರೆಯಿರಿ. ಅಪರೂಪದ್ದನ್ನಷ್ಟೇ ಹಾಕಿದ ಪಟ್ಟಿಯಿಂದ ಯಾವುದು ಕಡಿಮೆಯಾಗುತ್ತಿದೆ ಎಂದು ತಿಳಿಯುವುದಿಲ್ಲ. ಎಲೆ ಉಲಿಯಕ್ಕಿಯ ಕೂಗು ಕೊನೆಯದಾಗಿ ಕೇಳಿದ ದಿನ, ಬೂರುಗದ ಮೊದಲ ಹೂವಿನ ದಿನ, ಮೊದಲ ಹೂಮಳೆ, ಇವನ್ನು ಅದೇ ಡೈರಿಯಲ್ಲಿ ಗುರುತು ಹಾಕಿದರೆ ಮೂರನೇ ವರ್ಷಕ್ಕೆ ನಿಮ್ಮ ಊರಿನದ್ದೇ ಪಂಚಾಂಗ ಸಿದ್ಧ.

ಏಪ್ರಿಲ್ ಕೊನೆಯ ಒಂದು ಜೋರು ಮಳೆಯ ಮಾರನೇ ದಿನ ಎಲ್ಲಿಗೂ ಹೋಗಬೇಡಿ, ಮನೆಯಂಗಳದಲ್ಲೇ ನಿಲ್ಲಿ. ಹುತ್ತದಿಂದ ಈಸಲು ಹುಳು ಎದ್ದರೆ ಬಾನಾಡಿ (ಸ್ವಿಫ್ಟ್), ಭೀಮರಾಜ, ಕಳ್ಳಿಪೀರ, ಮಡಿವಾಳ, ಕೊನೆಗೆ ಗಿಡುಗವೂ ನಿಮ್ಮಲ್ಲಿಗೇ ಬರುತ್ತವೆ.

ಮುಂಗಾರಿಗೆ ಮುಂಚೆ ಬೈನಾಕ್ಯುಲರನ್ನು ಒಳಗಿಡುವಾಗ ಅದರ ಚರ್ಮದ ಚೀಲದಲ್ಲಿ ಇಡಬೇಡಿ, ಮಲೆನಾಡಿನ ತೇವಕ್ಕೆ ಮಸೂರದ ಒಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಜೊತೆಗೆ ಸಿಲಿಕಾ ಜೆಲ್ ಇಡಿ. ಅಕ್ಕಿ ಬೇಡ, ಧೂಳು ಕೂರುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಮತ್ತೆ ನೀಲಿಯಾಗಿ ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ.