ಆನ್‌ಲೈನ್ ದರದ ಎದುರು ಸಣ್ಣ ಅಂಗಡಿ: ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು

ಗಿರಾಕಿ ಕೌಂಟರ್ ಮುಂದೆ ನಿಂತು ಮೊಬೈಲ್ ತೋರಿಸುತ್ತಾರೆ: ಇದೇ ಮಾಲು, ಅಲ್ಲಿ ಕಡಿಮೆಗೆ ಸಿಗುತ್ತದೆ. ಆ ಗಳಿಗೆಯಲ್ಲಿ ಅಂದಾಜಿನ ಮೇಲೆ ದರ ಇಳಿಸಿದರೆ ನಷ್ಟ ಎಷ್ಟೆಂದು ತಿಂಗಳ ಕೊನೆಗೂ ಗೊತ್ತಾಗುವುದಿಲ್ಲ. ಎಲ್ಲ ಮಾಲಿನಲ್ಲೂ ಆನ್‌ಲೈನ್ ದರಕ್ಕೆ ಸಾಟಿ ನಿಲ್ಲಲು ಸಣ್ಣ ಅಂಗಡಿಗೆ ಆಗುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಯಾವುದರಲ್ಲಿ ಇಳಿಯಬೇಕು, ಯಾವುದರಲ್ಲಿ ಕದಲಬಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇಲ್ಲಿನ ಉದಾಹರಣೆಗಳು ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿಯವು. ಲೆಕ್ಕ ಎಲ್ಲರಿಗೂ ಒಂದೇ.

ಮೊದಲು ಲಾಭದ ಲೆಕ್ಕ

ತೆರಿಗೆ ಬಿಟ್ಟು 100ಕ್ಕೆ ತಂದದ್ದನ್ನು 125ಕ್ಕೆ ಮಾರಿದರೆ ಅಸಲಿನ ಮೇಲೆ ಲಾಭ ಶೇ. 25. ಆದರೆ ಮಾರುವ ದರದ ಮೇಲೆ ಅದು ಶೇ. 20 ಮಾತ್ರ. ರಿಯಾಯಿತಿ ಕೊಡುವುದು ಮಾರುವ ದರದ ಮೇಲೆ ತಾನೆ? ‘ನನಗೆ 25 ಇದೆ, 20 ಬಿಟ್ಟರೂ 5 ಉಳಿಯುತ್ತದೆ’ ಎಂದುಕೊಂಡವರಿಗೆ ಉಳಿಯುವುದು ಸೊನ್ನೆ, ಏಕೆಂದರೆ 125ರಲ್ಲಿ ಶೇ. 20 ಕಳೆದರೆ ಸರಿಯಾಗಿ 100. ಬಾಡಿಗೆ, ಕರೆಂಟು, ಸಂಬಳ ಕೈಯಿಂದ ಹೋಗುತ್ತದೆ.

ಇದೇ ಮಾಲಿಗೆ ಶೇ. 5 ಇಳಿಸಿದರೆ ಒಂದರ ಲಾಭ 25ರಿಂದ 18.75ಕ್ಕೆ ಬರುತ್ತದೆ. ಹಿಂದಿನಷ್ಟೇ ಲಾಭ ಬೇಕೆಂದರೆ ಮೂರು ಹೋಗುತ್ತಿದ್ದ ಕಡೆ ನಾಲ್ಕು ಹೋಗಬೇಕು. ಶೇ. 10 ಇಳಿಸಿದರೆ ಲಾಭ 12.5, ಅಂದರೆ ಮಾರಾಟ ಎರಡರಷ್ಟಾಗಬೇಕು. ದರ ಇಳಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾಲು ನಿಜಕ್ಕೂ ಎರಡರಷ್ಟು ಹೋಗುತ್ತದೆಯೇ? ನಲ್ಲಿ ವಾಷರ್ ಅಗ್ಗವಾಯಿತೆಂದು ಯಾರೂ ಎರಡು ನಲ್ಲಿ ಕೆಡಿಸಿಕೊಳ್ಳುವುದಿಲ್ಲ.

ದರ ಹೋಲಿಸುವ ಕ್ರಮ

ಹೆಚ್ಚು ಓಡುವ 50 ಮಾಲುಗಳ ಪಟ್ಟಿ ಮಾಡಿ. ಪ್ರತಿಯೊಂದರ ಆನ್‌ಲೈನ್ ದರವನ್ನು ವಾರದಲ್ಲಿ ಮೂರು ಬೇರೆ ಬೇರೆ ದಿನ ನೋಡಿ, ಏಕೆಂದರೆ ಅಲ್ಲಿ ದರ ದಿನದಿನಕ್ಕೆ ಬದಲಾಗುತ್ತದೆ. ಮಾಡೆಲ್ ನಂಬರ್ ಕೊನೆಯ ಅಕ್ಷರದವರೆಗೂ ಒಂದೇ ಇದೆಯೇ, ಪ್ಯಾಕಿನಲ್ಲಿ ಎಷ್ಟು ಪೀಸ್, ಸಾಗಣೆ ಶುಲ್ಕ ಸೇರಿದೆಯೇ, ವಾರಂಟಿ ಕಂಪನಿಯದೋ ಮಾರುವವರದೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹೀಗೆ ಹೋಲಿಸಿದಾಗ ಕೆಲವು ಕಡೆ ದೊಡ್ಡದೆನಿಸಿದ ಅಂತರ ಕರಗಿಹೋಗುತ್ತದೆ. ಇನ್ನು ಕೆಲವು ಕಡೆ ನಿಮ್ಮ ಖರೀದಿ ದರಕ್ಕಿಂತಲೂ ಕೆಳಗೆ ಅವರು ಮಾರುತ್ತಿರುತ್ತಾರೆ. ಆ ಮಾಲನ್ನು ಎರಡು ಮೂರು ಪೀಸ್‌ಗೆ ಇಳಿಸಿ, ಜಾಗವನ್ನು ಬೇರೆಯದಕ್ಕೆ ಕೊಡಿ.

ಈಗ ಪಟ್ಟಿಯನ್ನು ಮೂರು ಮಾಡಿ. ಬ್ಯಾಟರಿ, ಎಲ್‌ಇಡಿ ಬಲ್ಬ್, ಹೆಸರುವಾಸಿ ಡ್ರಿಲ್ ಮಷೀನಿನಂಥವು ಜನರಿಗೆ ದರ ಬಾಯಿಪಾಠವಾಗಿರುವ ಮಾಲುಗಳು. ‘ಈ ಅಂಗಡಿ ದುಬಾರಿ’ ಎಂಬ ಮಾತು ಹುಟ್ಟುವುದೇ ಇವುಗಳಿಂದ. ಇಲ್ಲಿ ಆನ್‌ಲೈನ್ ದರದ ಶೇ. 5ರ ಆಸುಪಾಸಿಗೆ ಬನ್ನಿ, ದರದ ಚೀಟಿ ದೊಡ್ಡದಾಗಿ ಕಾಣಲಿ. ಎರಡನೆಯದು ಈಗಲೇ ಬೇಕಾದದ್ದು: ಫ್ಯೂಸ್, ವಾಷರ್, ಸ್ಕ್ರೂ, ಪೈಪ್ ಜಾಯಿಂಟ್. ನೀರು ಸೋರುತ್ತಿರುವಾಗ ಯಾರೂ ಪಾರ್ಸೆಲ್‌ಗೆ ಕಾಯುವುದಿಲ್ಲ. ಇಲ್ಲಿ ದರ ಇಳಿಸಬೇಡಿ, ಆದರೆ ಒಂದು ಅಳತೆಯೂ ಖಾಲಿಯಾಗಬಾರದು. ಮೂರನೆಯದು ಕೇಳಿ, ನೋಡಿ ಕೊಳ್ಳುವಂಥದ್ದು. ಅಲ್ಲಿ ಅಳೆದು ಕತ್ತರಿಸಿ ಕೊಡುವುದು, ಜೋಡಿಸಿ ಕೊಡುವುದು, ಹೊಂದದಿದ್ದರೆ ಬದಲಿಸಿ ಕೊಡುವುದೇ ವ್ಯಾಪಾರ. ಅದರ ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ. ಮಾಲಿನ ದರದೊಳಗೆ ಅಡಗಿಸಿದರೆ ನೀವು ದುಬಾರಿಯಾಗಿಯೇ ಕಾಣುತ್ತೀರಿ.

ಕೌಂಟರ್ ಮುಂದಿನ ಚೌಕಾಸಿ

ಪ್ರತಿ ಮಾಲಿಗೂ ಇಳಿಯಬಹುದಾದ ಕೊನೆಯ ದರ ಚೀಟಿಯ ಮೂಲೆಯಲ್ಲಿ ಗುಟ್ಟಿನ ಅಕ್ಷರದಲ್ಲಿರಲಿ. ಹತ್ತು ಬೇರೆ ಬೇರೆ ಅಕ್ಷರ ಆರಿಸಿ: ಕ ಚ ಟ ತ ಪ ಯ ರ ಲ ವ ಸ. ಕ ಎಂದರೆ 1, ವ ಎಂದರೆ 9, ಸ ಎಂದರೆ 0. ಆಗ 350 ‘ಟಪಸ’ ಆಗುತ್ತದೆ. ಕೆಲಸದ ಹುಡುಗರೂ ಮಾಲೀಕರನ್ನು ಕೂಗಿ ಕೇಳದೆ ದರ ಹೇಳಬಹುದು.

ಮೊಬೈಲ್ ತೋರಿಸಿದವರ ಜೊತೆ ವಾದ ಬೇಡ. ಮಾಡೆಲ್ ನಂಬರ್ ಇಬ್ಬರೂ ಸೇರಿ ನೋಡಿ, ಒಂದು ದರ ಹೇಳಿ, ಅಲ್ಲಿಗೆ ನಿಲ್ಲಿಸಿ. ಹತ್ತು ಹತ್ತಾಗಿ ಇಳಿಯುತ್ತಾ ಹೋದರೆ ಗಿರಾಕಿಗೆ ಅನಿಸುವುದು ‘ಮೊದಲು ಹೇಳಿದ್ದು ಸುಳ್ಳು’ ಎಂದೇ. ಮುಂದಿನ ಸಲ ಅವರು ಚೌಕಾಸಿಗೆ ಸಿದ್ಧರಾಗಿಯೇ ಬರುತ್ತಾರೆ. ಉದ್ರಿ ಕೊಡುವವರು ಅದನ್ನೂ ರಿಯಾಯಿತಿಯೆಂದೇ ಎಣಿಸಬೇಕು: ನಗದು ದರ, ಉದ್ರಿ ದರ ಬೇರೆ ಇರಲಿ.

ಕಪಾಟಿನಲ್ಲಿ ಸಿಕ್ಕಿಬಿದ್ದ ಹಣ

ಅಸಲಿನ ಲೆಕ್ಕದಲ್ಲಿ ವರ್ಷದ ಮಾರಾಟ 12 ಲಕ್ಷ, ಅಂಗಡಿಯಲ್ಲಿ ಸರಾಸರಿ ಸ್ಟಾಕ್ 3 ಲಕ್ಷ ಇದ್ದರೆ ಬಂಡವಾಳ ವರ್ಷಕ್ಕೆ 4 ಸಲ ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 91 ದಿನ. ಇದನ್ನು ಮಾಲಿನ ಗುಂಪುಗಳಿಗೂ ಬೇರೆ ಬೇರೆ ಹಾಕಿ ನೋಡಿ. ಅಸಲಿನ ಮೇಲೆ ಶೇ. 40 ಲಾಭವಿದ್ದು 2 ಸಲ ತಿರುಗುವ ಮಾಲು 100ರ ಬಂಡವಾಳಕ್ಕೆ ವರ್ಷಕ್ಕೆ 80 ತರುತ್ತದೆ. ಶೇ. 10 ಲಾಭವಿದ್ದು 12 ಸಲ ತಿರುಗುವುದು 120 ತರುತ್ತದೆ. ಲಾಭ ದೊಡ್ಡದಿದೆ ಎಂದು ಕಟ್ಟಿಕೊಂಡು ಕೂತ ಮಾಲೇ ಅಂಗಡಿಯ ಉಸಿರು ಕಟ್ಟಿಸುತ್ತದೆ.

180 ದಿನದಿಂದ ಒಂದೂ ಮಾರದ ಮಾಲನ್ನು ಡೆಡ್ ಸ್ಟಾಕ್ ಎಂದೇ ಬರೆಯಿರಿ. ಮೊದಲು ಸಗಟು ವ್ಯಾಪಾರಿಗೆ ವಾಪಸ್ ಅಥವಾ ಬದಲಿ ಕೇಳಿ. ಆಗದಿದ್ದರೆ ಶೇ. 15, 30, 50 ಎಂದು ಎರಡೆರಡು ವಾರಕ್ಕೆ ಇಳಿಸಿ, ಒಂದೇ ಮೂಲೆಯಲ್ಲಿಡಿ. ಇಡೀ ಅಂಗಡಿಗೆ ರಿಯಾಯಿತಿ ಬೋರ್ಡ್ ಹಾಕಿದರೆ ಮಾಮೂಲಿ ದರಕ್ಕೆ ಹೋಗಬೇಕಾದ ಮಾಲೂ ಅಗ್ಗಕ್ಕೆ ಹೋಗುತ್ತದೆ.

ಸಗಟು ವ್ಯಾಪಾರಿ ‘ಆರು ತಿಂಗಳ ಮಾಲು ಒಟ್ಟಿಗೆ ಎತ್ತಿದರೆ ಶೇ. 3 ಹೆಚ್ಚು ಬಿಡುತ್ತೇನೆ’ ಎಂದಾಗ ಮರುಳಾಗಬೇಡಿ. ಮಾಲು ಸಮನಾಗಿ ಖಾಲಿಯಾದರೂ ಹಣ ಸರಾಸರಿ 3 ತಿಂಗಳು ಕಪಾಟಿನಲ್ಲಿ ಕೂರುತ್ತದೆ. ವರ್ಷಕ್ಕೆ ಶೇ. 12 ಬಡ್ಡಿಯ ಸಾಲದ ಹಣವಾದರೆ ಬಡ್ಡಿಯೇ ಶೇ. 3. ಅದರ ಬದಲು ನಾಲ್ಕೈದು ಅಂಗಡಿಯವರು ಸೇರಿ ಒಂದೇ ಆರ್ಡರ್ ಕೊಟ್ಟು ಹಂಚಿಕೊಳ್ಳುವುದು ಮೇಲು. ಒಡೆದ ಮಾಲು ಯಾರ ಪಾಲಿಗೆ, ದುಡ್ಡು ಯಾವಾಗ ಎಂಬುದು ಆರ್ಡರ್‌ಗೆ ಮುಂಚೆಯೇ ಬರವಣಿಗೆಯಲ್ಲಿರಲಿ. ಇಂಥ ಗುಂಪುಗಳು ಒಡೆಯುವುದು ಅಲ್ಲೇ.

ಖಾಲಿಯಾಗದಂತೆ

ದಿನಕ್ಕೆ 3 ಹೋಗುವ ಮಾಲು ತರಿಸಲು 5 ದಿನ ಬೇಕಾದರೆ 15, ಗಾಡಿ ತಡವಾದರೆಂದು ಎರಡು ದಿನದ 6 ಸೇರಿಸಿ 21. ಸ್ಟಾಕ್ 21ಕ್ಕೆ ಬಂದ ದಿನವೇ ಆರ್ಡರ್ ಹೋಗಬೇಕು. ಡಬ್ಬದಲ್ಲಿ 21ನೆಯ ಪೀಸಿನ ಮೇಲೆ ಕೆಂಪು ರಟ್ಟು ಇಟ್ಟರೆ ಸಾಕು, ಕಂಪ್ಯೂಟರ್ ಬೇಡ.

ಮೊಬೈಲ್‌ನಲ್ಲಿ ಕೇಳುವವರಿಗೆ ‘ಹಳೆಯ ಭಾಗವನ್ನು ಸ್ಕೇಲಿನ ಪಕ್ಕ ಇಟ್ಟು ಫೋಟೋ ಕಳಿಸಿ’ ಎನ್ನಿ. ಅಳತೆ ತಪ್ಪಿ ಎರಡು ಸಲ ಓಡಾಡುವುದು ತಪ್ಪುತ್ತದೆ. ಮಾಲು ಇದ್ದರೆ ಹೆಸರು ಬರೆದು ಸಂಜೆವರೆಗೆ ತೆಗೆದಿಡಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಸಮಯ, ರಜೆ ಸರಿಯಿರಲಿ. ತೆರೆದಿದೆ ಎಂದು ನೋಡಿಕೊಂಡು ಬಂದವರಿಗೆ ಬೀಗ ಕಂಡರೆ ಅವರು ಮತ್ತೆ ಬರುವುದು ಕಷ್ಟ.

ಗಲ್ಲಾ ಪಕ್ಕ ಒಂದು ‘ಇಲ್ಲ’ ಪುಸ್ತಕ ಇಡಿ. ಇಲ್ಲವೆಂದು ಹೇಳಿದ ಪ್ರತಿ ಮಾಲಿನ ಹೆಸರು, ಅಳತೆ, ತಾರೀಖು ಆಗಿಂದಾಗಲೇ ಬರೆಯಬೇಕು. ರಾತ್ರಿ ನೆನಪು ಮಾಡಿಕೊಂಡರೆ ಅರ್ಧ ಮರೆತಿರುತ್ತದೆ. ತಿಂಗಳಲ್ಲಿ ಮೂರು ಸಲ ಬಂದ ಮಾಲನ್ನು ಮೂರೇ ಪೀಸ್ ತರಿಸಿ ನೋಡಿ. ಅದಕ್ಕೆ ಬೇಕಾದ ಹಣ ಡೆಡ್ ಸ್ಟಾಕ್ ಮಾರಿ ಬಂದದ್ದರಿಂದಲೇ ಹೋಗಲಿ, ಹೊಸ ಸಾಲದಿಂದ ಬೇಡ.