ಬಾಗಲಕೋಟೆಯಿಂದ ಕೇದಾರಕ್ಕೆ ಹೊರಡುವವರಿಗೆ

ನಮ್ಮ ಮನೆತನ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠದ್ದು. ಕೇದಾರನಾಥ ಗುಡಿಯ ರಾವಲರು, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದ ವೀರಶೈವ ಜಂಗಮರೇ. ಹಾಗಾಗಿ ನಮಗಿದು ಸುಮ್ನೆ ಯಾತ್ರೆಯಲ್ಲ, ಗುರುಮನೆಗೆ ಹೋಗುವುದು.

ಚಾರ್‌ಧಾಮ್ (ಕೇದಾರವೂ ಸೇರಿ ಉತ್ತರಾಖಂಡದ ನಾಲ್ಕು ಕ್ಷೇತ್ರಗಳ) ಯಾತ್ರೆಯ ನೋಂದಣಿ ಮೊದಲೇ ಮಾಡಿಸಿ. ಆಮೇಲೆ ಸೀದಾ ಮೇಲಕ್ಕೆ ಓಡಬೇಡಿ, ಕೆಳಗಿನ ಊಖೀಮಠ ಎಂಬ ಊರಿನಲ್ಲಿ ಒಂದು ರಾತ್ರಿ ಉಳಿಯಿರಿ. ಪೀಠ ಇರುವುದು ಇಲ್ಲೇ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದೂ ಇಲ್ಲಿಯ ಓಂಕಾರೇಶ್ವರ ಗುಡಿಯಲ್ಲಿ. ಎಷ್ಟೋ ಜನ ಇದನ್ನು ನೋಡದೇ ವಾಪಸ್ ಬರುತ್ತಾರೆ, ಬೇಜಾರಲ್ವಾ?

ಕೇದಾರ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಗೌರಿಕುಂಡದಿಂದ 16 ಕಿ.ಮೀ.ಗೂ ಜಾಸ್ತಿ ಏರು. ನಸುಕಿನಲ್ಲೇ ಹೊರಡಿ. ಇಳಕಲ್ ಸೀರೆ ಗುಡಿಗೆ ಇರಲಿ, ನಡೆಯಲು ಚೂಡಿದಾರ, ಜಾರದ ಬೂಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಬೇಗ ಕೆಡುವುದಿಲ್ಲ. ತಲೆನೋವು, ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿಯಿರಿ.